ಕಕ್ಕಸ್ಸು ಎಲ್ಲಿದೆ ಅಂತ ಕೇಳಿದವಳು

ಪತ್ರಕರ್ತೆಯಾಗಬೇಕಾದರೆ ಏನು ಓದಬೇಕು ಎಂದು ಈಗ ಹೈಸ್ಕೂಲಿನ ಹುಡುಗಿಯರು ನನ್ನನ್ನು ಕೇಳುತ್ತಾರೆ. ನನಗೆ ನಗು ಬರುತ್ತದೆ. ನಾನು ಓದುತ್ತಿದ್ದ ವಿಭಾಗವನ್ನೇ ಕಾಲೇಜಿನವರು ಮುಚ್ಚಿಬಿಟ್ಟಿದ್ದರು.

ಸುಳ್ಳಲ್ಲ. ನಮ್ಮ ಸೀಮೆಯ ಕಾಲೇಜಿನಲ್ಲಿ ಪತ್ರಿಕೋದ್ಯಮಕ್ಕೆ ಸೇರಿದ್ದೆ. ಓದು ಅರ್ಧಕ್ಕೆ ಬಂದಾಗ, ಹುಡುಗರು ಸಾಲುತ್ತಿಲ್ಲ ಎಂದು ನಮ್ಮನ್ನು ಬ್ಯೂಟಿ ಪಾರ್ಲರ್ ಕಲಿಸುವ ವಿಭಾಗದ ಜೊತೆ ಸೇರಿಸಿದರು. ಹೊಸ ಹೆಸರು 'ಸೌಂದರ್ಯ ಮತ್ತು ಸಂವಹನ'. ಒಂದು ಬೆಂಚಿನಲ್ಲಿ ಹುಬ್ಬು ತಿದ್ದುತ್ತಿದ್ದರು, ಇನ್ನೊಂದರಲ್ಲಿ ನಾವು ಸುದ್ದಿ ತಿದ್ದುತ್ತಿದ್ದೆವು. ನನ್ನ ಪದವಿಯ ಮೇಲೆ ಇವತ್ತಿಗೂ ಅದೇ ಹೆಸರಿದೆ. ಹುಬ್ಬು ತಿದ್ದುವುದೂ ನನಗೆ ಬರುತ್ತದೆ. ಅದು ಲಾಭವೇ.

ಆ ಪದವಿ ಹಿಡಿದುಕೊಂಡು ಸಿಯೋಲ್‌ಗೆ ಹೋದೆ. ದೊಡ್ಡ ಪತ್ರಿಕೆಗೆ ಸೇರಬೇಕಾದರೆ ದೊಡ್ಡ ಪರೀಕ್ಷೆ ಬರೆಯಬೇಕು. ಅದನ್ನು ಒಬ್ಬರೇ ಓದಿ ಪಾಸಾಗುವುದು ಕಷ್ಟ, ಅದಕ್ಕೆ ಎಲ್ಲರೂ ಗುಂಪು ಕಟ್ಟಿಕೊಂಡು ಓದುತ್ತಾರೆ. ಗುಂಪಿಗೆ ಸೇರಿಸಿಕೊಳ್ಳುವುದಕ್ಕೂ ಸಂದರ್ಶನ. ಅಂಥದೊಂದು ಗುಂಪಿನವರು ಕಾಫಿ ಅಂಗಡಿಯಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. ನನ್ನದೇ ವಯಸ್ಸಿನವರು. ಅವರಿಗೂ ಕೆಲಸವಿಲ್ಲ, ನನಗೂ ಇಲ್ಲ.

"ನಿಮ್ಮ ಕಾಲೇಜಿನ ಹೆಸರು ನಾವು ಕೇಳೇ ಇಲ್ಲ" ಎಂದಳು ಒಬ್ಬಳು.

"ಈಗ ಕೇಳಿದ್ರಲ್ಲ" ಎಂದೆ.

ಆಮೇಲೆ ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ. ಹಗಲು ಒಂದು ದಿನಸಿ ಅಂಗಡಿಯಲ್ಲಿ ಬಿಲ್ ಹಾಕುತ್ತ, ಹಾಲಿನ ಕ್ರೇಟು ಹೊರುತ್ತ, ಗಿರಾಕಿ ಇಲ್ಲದಾಗ ಕ್ಯಾಶ್ ಮೇಜಿನ ಕೆಳಗೆ ಪುಸ್ತಕ ಇಟ್ಟುಕೊಂಡು ಓದಿದೆ. ಒಂದು ಪತ್ರಿಕೆಯ ಪರೀಕ್ಷೆ ಪಾಸಾಯಿತು. ಕೊನೆಯ ಸಂದರ್ಶನಕ್ಕೆ ಕರೆ ಬಂತು. ಕೋಟು ಬಾಡಿಗೆಗೆ ತಂದೆ.

ನಡುವೆ ಕೂತಿದ್ದ ಹಿರಿಯ ಮನುಷ್ಯ ಕನ್ನಡಕ ಮೇಲೇರಿಸಿಕೊಂಡು ಕೇಳಿದರು. "ತಾಯಿ ವಿಯೆಟ್ನಾಮಿನವರಾ?"

"ಹೌದು."

"ಆದ್ರೂ ನಿಮ್ಮ ಮಾತು ಎಷ್ಟು ಸ್ಪಷ್ಟವಾಗಿದೆ."

"ನಿಮ್ಮದೂ ಸ್ಪಷ್ಟವಾಗಿದೆ ಸಾರ್."

ಪಕ್ಕದಲ್ಲಿದ್ದವರು ಕೆಮ್ಮಿದರು. ಆ ಮನುಷ್ಯ ಬಿಡಲಿಲ್ಲ. "ನಿಮ್ಮ ಬಾಲ್ಯದ್ದು ಒಂದು ಘಟನೆ ಹೇಳಿ. ಮನಸ್ಸು ಕರಗೋ ಥರದ್ದು."

"ನಮ್ಮಮ್ಮ ಈರುಳ್ಳಿ ಕೀಳ್ತಾಳೆ ಸಾರ್. ನಿಮಗೆ ಕಣ್ಣೀರು ಬೇಕು ಅಂದ್ರೆ ಒಂದು ಚೀಲ ಕಳಿಸ್ತೀನಿ."

ಕೆಲಸ ಸಿಗಲಿಲ್ಲ. ಸಿಕ್ಕಿದ್ದರೆ ಆಶ್ಚರ್ಯ. ಆದರೆ ಊರಿನ ಬಸ್ಸಿನಲ್ಲಿ ಕೂತಾಗ ಮೈಯೆಲ್ಲ ಉರಿಯಿತು. ನಾನು ಬರೆದ ಉತ್ತರ ಅವರಿಗೆ ಬೇಕಿರಲಿಲ್ಲ. ನನ್ನ ಅಮ್ಮನ ಬಡತನ ಬೇಕಾಗಿತ್ತು, ಅದೂ ಅಳುತ್ತ ಹೇಳಬೇಕಾಗಿತ್ತು. ನಾನು ಅಳಲಿಲ್ಲ. ದಾರಿಯುದ್ದಕ್ಕೂ ಬೇಯಿಸಿದ ಮೊಟ್ಟೆ ತಿಂದೆ.

ಊರಿಗೆ ಬಂದಾಗ ಈರುಳ್ಳಿ ಕೀಳುವ ಕಾಲ. ಅಮ್ಮ ಏನೂ ಕೇಳಲಿಲ್ಲ. ಮರುದಿನ ಬೆಳಗ್ಗೆ ನನ್ನ ಕೈಗೆ ಒಂದು ಕತ್ತರಿ, ಒಂದು ಕುಂಡೆದಿಂಬು ಕೊಟ್ಟಳು.

ಕುಂಡೆದಿಂಬು ಎಂದರೆ ನಮ್ಮ ಕಡೆ ಹೊಲದ ಹೆಂಗಸರೆಲ್ಲ ಕಟ್ಟಿಕೊಳ್ಳುವ ದಪ್ಪ ಸ್ಪಂಜಿನ ದಿಂಬು. ಎರಡು ಎಲಾಸ್ಟಿಕ್ ಪಟ್ಟಿಗೆ ಎರಡು ಕಾಲು ತೂರಿಸಿ ಮೇಲಕ್ಕೆ ಎಳೆದುಕೊಂಡರೆ ಹಿಂಭಾಗಕ್ಕೆ ಅಂಟಿಕೊಳ್ಳುತ್ತದೆ. ಎದ್ದರೂ ಬೀಳುವುದಿಲ್ಲ, ನಡೆದರೂ ಬೀಳುವುದಿಲ್ಲ. ಎಲ್ಲಿ ಕೂತರೆ ಅಲ್ಲೇ ಆಸನ. ಅದರ ಮೇಲೆ ಕೂತು, ಜರುಗಿ, ಕೂತು, ಜರುಗಿ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಈರುಳ್ಳಿಯ ಗರಿ ಕತ್ತರಿಸುತ್ತ ಹೋಗಬೇಕು. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಮಡಚಲು ಬರುವುದಿಲ್ಲ. ಮಂಡಿ ಯಾರದೋ ಮಂಡಿಯಾಗಿರುತ್ತದೆ. ಸೊಂಟದ ಮಾತು ಬೇಡ. ಅಮ್ಮ ನನ್ನನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಈ ಕೆಲಸ ಮಾಡಿದವಳು.

ಅಮ್ಮನ ಹೆಸರು ಲುಯೆನ್. ಅದು ಹೊಲದಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಬೊರಾಮ್ ಆದ್ದರಿಂದ ಅವಳು ಬೊರಾಮಳ ಅಮ್ಮ. ಆ ವರ್ಷ ಅವಳ ಪಕ್ಕದ ಸಾಲಿನಲ್ಲಿ ಅವಳ ತಂಗಿ, ನನ್ನ ಚಿಕ್ಕಮ್ಮ ಥಾವ್ ಕೂಡ ಕೂತಿದ್ದಳು. ಸುಗ್ಗಿಯ ಕೆಲಸಕ್ಕೆಂದು ಜಿಲ್ಲಾ ಆಡಳಿತದವರೇ ವಿಯೆಟ್ನಾಮಿನಿಂದ ಕರೆಸಿದ ಹೆಂಗಸರಲ್ಲಿ ಅವಳೂ ಒಬ್ಬಳು. ಸುಗ್ಗಿ ಮುಗಿದ ಮೇಲೆ ವಾಪಸ್ ಹೋಗಬೇಕು. ಮಾಲೀಕ ಮೆಚ್ಚಿದರೆ ಮುಂದಿನ ವರ್ಷ ಮತ್ತೆ ಬರಬಹುದು. ಚಿಕ್ಕಮ್ಮ ಯಾರೂ ಮಾತಾಡಿಸದಿದ್ದರೂ ನಗುವವಳು. ಗೋಮ್‌ಸಿಲ್ ಅಜ್ಜಿ ಅವಳಿಗೆ ಬೈಗುಳ ಕಲಿಸುತ್ತಿದ್ದರು. ಈ ಅಜ್ಜಿಯನ್ನು ಇವತ್ತಿಗೂ ತವರೂರಿನ ಹೆಸರು ಹಿಡಿದೇ ಕರೆಯುತ್ತಾರೆ, ಎಂಬತ್ತು ದಾಟಿದೆ, ಹೊಲದ ಹೆಂಗಸರಿಗೆಲ್ಲ ಅವರೇ ಯಜಮಾನಿ.

ಒಂದು ದಿನ ಹೊಲಕ್ಕೆ ಫೋಟೋ ತೆಗೆಯಲು ಒಬ್ಬ ಬಂದ. ಕುಕ್ ಮಾನ್ಸಿಕ್, 'ಹೊಸ ಕಡಲು' ಎಂಬ ವಾರಪತ್ರಿಕೆಯ ಸಂಪಾದಕ. ಬರೆಯುವವನೂ ಅವನೇ, ಮನೆಮನೆಗೆ ಹಂಚುವವನೂ ಅವನೇ.

"ಓ ಪೇಪರಣ್ಣ, ಕಾಲು ತೆಗಿ, ಈರುಳ್ಳಿ ಮೇಲೆ ನಿಂತಿದೀಯ" ಎಂದು ಅಮ್ಮ ಕೂಗಿದಳು.

ಅವನು ಕಾಲು ತೆಗೆದ. ನನ್ನನ್ನು ನೋಡಿದ. "ನೀನು ಸಿಯೋಲ್‌ಗೆ ಪರೀಕ್ಷೆಗೆ ಹೋಗಿದ್ದ ಹುಡುಗಿ ಅಲ್ವಾ? ಏನಾಯ್ತು?"

"ಆಗ್ಲಿಲ್ಲ."

"ನನಗೂ ಆಗಿರ್ಲಿಲ್ಲ. ಅದಕ್ಕೇ ಸ್ವಂತ ಪತ್ರಿಕೆ ಇಟ್ಕೊಂಡೆ. ಗಾಡಿ ಓಡ್ಸೋಕೆ ಬರುತ್ತಾ?"

"ಟ್ರ್ಯಾಕ್ಟರೂ ಬರುತ್ತೆ."

"ಸೋಮವಾರ ಬಾ."

ಅದೇ ಸಂದರ್ಶನ. ಅಮ್ಮನ ಬಗ್ಗೆ ಅವನು ಏನೂ ಕೇಳಲಿಲ್ಲ. ಅಮ್ಮ ಅಲ್ಲೇ ಅವನಿಗೆ ಬೈಯುತ್ತ ಕೂತಿದ್ದಳು, ಕೇಳುವುದೇನಿತ್ತು.

ಕಚೇರಿ ಕೋಳಿ ಕರಿಯುವ ಅಂಗಡಿಯ ಮೇಲೆ. ನಮ್ಮ ಪತ್ರಿಕೆ ತೆರೆದರೆ ಇವತ್ತಿಗೂ ಕೋಳಿಯ ವಾಸನೆ. ಮೊದಲ ದಿನ ಸಂಪಾದಕರಿಗೆ ಸಾರ್ ಎಂದೆ. ಅವರು ತಲೆಯಾಡಿಸಿದರು.

"ಸಾರ್ ಗೀರ್ ಬೇಡ. ಪತ್ರಿಕೆಯವರು ಮೇಲಿನವರಿಗೂ ಸಾರ್ ಅನ್ನಲ್ಲ. ಸೊನ್ಬೆ ಅನ್ನು, ಸಾಕು. ನಿನಗಿಂತ ಮೊದಲು ಒದೆ ತಿಂದವನು ಅಂತ ಅರ್ಥ."

ನನ್ನ ನಿಜವಾದ ಕಾಲೇಜು ಅದು. ಬರೆದುಕೊಂಡು ಹೋದರೆ ಸೊನ್ಬೆ ಓದಿ ಎರಡೇ ಮಾತು ಕೇಳುತ್ತಿದ್ದರು. "ಯಾರು ಹೇಳಿದ್ದು? ನೀನು ನೋಡಿದೆಯಾ?" ನೋಡದಿದ್ದರೆ ಮತ್ತೆ ಗಾಡಿ ಹತ್ತು. ಮೀನು ಹರಾಜಿಗೆ ಹೋದೆ. ರದ್ದಾಗಲಿದ್ದ ಮಾರ್ಗದ ಬಸ್ಸಿನಲ್ಲಿ ಕೊನೆಯ ನಿಲ್ದಾಣದವರೆಗೆ ಕೂತು ಮುದುಕಿಯರ ಮಾತು ಕೇಳಿದೆ. ಕೇಳುವುದು ಕಲಿತೆ. ಕೇಳಿ ಸುಮ್ಮನೆ ಕಾಯುವುದು ಕಲಿತೆ. ಅದು ಕಷ್ಟ. ನನಗೆ ಬಾಯಿ ಜಾಸ್ತಿ.

ಆಮೇಲೆ ಜಿಲ್ಲಾ ಕಚೇರಿಗೆ ಕಳಿಸಿದರು.

ಅಲ್ಲಿ ಎರಡನೇ ಮಹಡಿಯಲ್ಲಿ ಪತ್ರಕರ್ತರ ಕೊಠಡಿ. ಒಳಗೆ ಮೇಜುಗಳು, ಒಂದೊಂದು ಮೇಜಿಗೂ ಒಂದೊಂದು ದೊಡ್ಡ ಪತ್ರಿಕೆಯ ಫಲಕ. ಜಿಲ್ಲೆಯವರದೇ ಜಾಗ, ಜಿಲ್ಲೆಯವರದೇ ಕರೆಂಟು, ಕಾಫಿಯೂ ಅವರದೇ. ಮೇಜುಗಳು ಬಹುಪಾಲು ಖಾಲಿ. ಸೋಫಾದ ಮೇಲೆ ಒಬ್ಬ ಮನುಷ್ಯ ಮುಖಕ್ಕೆ ಅಂದಿನ ಪತ್ರಿಕೆ ಮುಚ್ಚಿಕೊಂಡು ಮಲಗಿದ್ದ. ಬಾಂಗ್ ಗಿಚಾನ್, ಪತ್ರಕರ್ತರ ಕೂಟದ ಕಾರ್ಯದರ್ಶಿ. ನಾನು ಒಂದು ಖಾಲಿ ಕುರ್ಚಿಯಲ್ಲಿ ಕೂತೆ. ಪತ್ರಿಕೆಯ ಕೆಳಗಿನಿಂದ ದನಿ ಬಂತು.

"ಏಳಮ್ಮ. ಅದು ಬೇರೆಯವರ ಜಾಗ."

"ಅವರು ಯಾವಾಗ ಬರ್ತಾರೆ?"

"ಬರಲ್ಲ. ಆದ್ರೂ ಅವರದೇ."

ಇಲ್ಲಿ ಕೂರಬೇಕಾದರೆ ಕೂಟದ ಸದಸ್ಯರು ಓಟು ಹಾಕಿ ಒಪ್ಪಬೇಕು ಎಂದು ಅವರು ವಿವರಿಸಿದರು. ಒಪ್ಪಿ ಅಂದೆ. ವಾರಪತ್ರಿಕೆಯವರನ್ನು ಒಪ್ಪುವ ಪದ್ಧತಿ ಇಲ್ಲ ಎಂದರು. ಕೋಪದಿಂದ ಹೇಳಲಿಲ್ಲ. ಗುಂಡಿಯಲ್ಲಿ ನೀರಿದೆ, ಆಚೆ ನಡಿ ಎನ್ನುವಷ್ಟು ಸಹಜವಾಗಿ ಹೇಳಿ ಮತ್ತೆ ಪತ್ರಿಕೆ ಮುಚ್ಚಿಕೊಂಡರು. ಕೋಪ ಮಾಡಿಕೊಂಡಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಜಿಲ್ಲೆಯ ಪ್ರಚಾರ ವಿಭಾಗದ ಮುಖ್ಯಸ್ಥೆ ಜೂ ಮೇಡಂ ಬಂದು ನನ್ನ ತೋಳು ಮುಟ್ಟಿ ಕಾರಿಡಾರಿಗೆ ಕರೆತಂದರು. "ಬೇಜಾರು ಮಾಡ್ಕೋಬೇಡ. ಸುದ್ದಿ ಇದ್ರೆ ಪೋಸ್ಟ್‌ನಲ್ಲಿ ಕಳಿಸ್ತೀವಿ" ಎಂದರು. ಈ ಕಾಲದಲ್ಲೂ ಪೋಸ್ಟು!

ಕಾರಿಡಾರಿನಲ್ಲಿ ಒಂದು ಬೆಂಚೂ ಇರಲಿಲ್ಲ. ಅವತ್ತು ಜಿಲ್ಲಾಧ್ಯಕ್ಷರ ಪತ್ರಿಕಾಗೋಷ್ಠಿಯನ್ನು ಬಾಗಿಲ ಹೊರಗೆ ನಿಂತೇ ಬರೆದುಕೊಂಡೆ. ಮನೆಗೆ ಬಂದು ಹೇಳಿದಾಗ ಅಮ್ಮ ಬಿದ್ದು ಬಿದ್ದು ನಕ್ಕಳು.

"ಕೂರೋಕೆ ಜಾಗ ಇಲ್ವಾ? ನಿನ್ನ ಕುಂಡೆದಿಂಬು ಎಲ್ಲಿ?"

ಮುಂದಿನ ಸಲ ಪ್ಯಾಂಟಿನ ಮೇಲೆ ಅದನ್ನು ಕಟ್ಟಿಕೊಂಡೇ ಹೋದೆ. ಹೂವಿನ ಚಿತ್ತಾರದ್ದು. ಮೆಟ್ಟಿಲು ಹತ್ತುವಾಗ ಗುಮಾಸ್ತರು ಹಿಂದಿನಿಂದ ನೋಡಿ ಕಿಸಕ್ಕೆಂದರು. ಪತ್ರಕರ್ತರ ಕೊಠಡಿಯ ಬಾಗಿಲ ಪಕ್ಕದಲ್ಲಿ ಕೂತೆ. ಲ್ಯಾಪ್‌ಟಾಪ್ ತೊಡೆಯ ಮೇಲೆ. ಬಾಂಗ್ ಕೈತೊಳೆಯಲು ಹೊರಗೆ ಬಂದವರು ನನ್ನನ್ನು ನೋಡಿ ತಡೆದು ನಿಂತರು.

"ಏನಿದು?"

"ನನ್ನ ಜಾಗ. ಓಟು ಬೇಡ ಇದಕ್ಕೆ."

ಕಾರಿಡಾರಿನ ಆ ತುದಿಯಲ್ಲಿ ಅಹವಾಲು ಹೇಳುವ ಕಿಟಕಿ ಇದೆ. ಕಿಟಕಿಯಲ್ಲಿ ಬೈಸಿಕೊಂಡು ಬಂದವರೆಲ್ಲ ನನ್ನ ಮುಂದೆಯೇ ಹೋಗಬೇಕು. ಹೊಲದ ದಿಂಬಿನ ಮೇಲೆ ಕೂತ ಹುಡುಗಿಯನ್ನು ಕಂಡು ಮುದುಕರು ನಿಲ್ಲುತ್ತಿದ್ದರು. "ಯಾರ ಮಗಳಮ್ಮ ನೀನು? ಇಲ್ಲೇನು ಮಾಡ್ತಿದೀಯ?" ಹೇಳಿದರೆ ತಮ್ಮ ಕಥೆ ಶುರು. ಒಬ್ಬರ ಹೊಲಕ್ಕೆ ಕಾರ್ಖಾನೆಯ ನೀರು ನುಗ್ಗಿದೆ. ಇನ್ನೊಬ್ಬರ ಸೇತುವೆ ಕುಸಿದಿದೆ. ಕೊಠಡಿಯ ಒಳಗಿನವರಿಗೆ ಜೂ ಮೇಡಂ ಬರೆದುಕೊಟ್ಟ ಸುದ್ದಿ ಮಾತ್ರ ಸಿಗುತ್ತಿತ್ತು. ಕಾರಿಡಾರಿನಲ್ಲಿ ಇಡೀ ಜಿಲ್ಲೆ ನಡೆದಾಡುತ್ತಿತ್ತು. ಸೊನ್ಬೆ ನನ್ನ ಬರಹ ಓದುತ್ತ ಕರಿದ ಕೋಳಿ ಕಡಿಯುತ್ತ ಹೇಳಿದರು, "ಒಳಗೆ ಸೇರಿಸ್ಕೊಂಡುಬಿಟ್ಟಾರು, ಹುಷಾರು."

ಚೆನ್ನಾಗಿಯೇ ಇತ್ತು. ಚಿಕ್ಕಮ್ಮ ಇದ್ದ ಜಾಗ ನೋಡುವವರೆಗೆ.

ಭಾನುವಾರ ಅಮ್ಮ ಕಿಮ್ಚಿ, ಅಂದರೆ ಎಲೆಕೋಸಿನ ಉಪ್ಪಿನಕಾಯಿಯ ಡಬ್ಬಿ ಹೊತ್ತುಕೊಂಡು ಹೊರಟಳು, ನಾನೂ ಹೋದೆ. ಈರುಳ್ಳಿ ಗೋದಾಮಿನ ಹಿಂದೆ ಹಡಗಿನ ಸರಕು ತುಂಬುವ ಕಬ್ಬಿಣದ ಡಬ್ಬ. ಅದೇ ಮನೆ. ಮೇಲೆ ಕಪ್ಪು ಜಾಲರಿ ಹೊದಿಸಿತ್ತು. ಒಳಗೆ ಹೆಂಗಸರು ಚಾಪೆಗೆ ಚಾಪೆ ತಾಗಿಸಿಕೊಂಡು ಮಲಗುತ್ತಿದ್ದರು. ಚಿಕ್ಕಮ್ಮ ಖುಷಿಯಿಂದ ನೂಡಲ್ಸ್ ಬೇಯಿಸಿ ಕೊಟ್ಟಳು. ತಾನು ತಿಂದಳು, ಸಾರು ಕುಡಿಯಲಿಲ್ಲ. ನೀರು ಕೊಟ್ಟರೆ ತುಟಿ ಒದ್ದೆ ಮಾಡಿಕೊಂಡು ಇಟ್ಟಳು. ಹೊರಗೆ ಸುಡುವ ಬಿಸಿಲು. ಮೂಲೆಯಲ್ಲಿ ಒಬ್ಬಳು ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದಳು. ಜ್ವರ.

"ಯಾಕೆ ಯಾರೂ ನೀರು ಕುಡೀತಿಲ್ಲ?" ಎಂದು ಅಮ್ಮನನ್ನು ಕೇಳಿದೆ.

ಅಮ್ಮ ಮುಖ ತಿರುಗಿಸಿದಳು. ಚಿಕ್ಕಮ್ಮ ನನ್ನ ಕೈ ಹಿಡಿದು ಡಬ್ಬದ ಹಿಂದಕ್ಕೆ ಕರೆದುಕೊಂಡು ಹೋದಳು. ನಾಲ್ಕು ಕೋಲು, ಸುತ್ತ ಹಳೇ ಟಾರ್ಪಾಲು, ನಡುವೆ ಒಂದು ರಬ್ಬರ್ ತೊಟ್ಟಿ. ಕಿಮ್ಚಿಗೆ ಎಲೆಕೋಸು ನೆನೆಹಾಕುವಂಥ ಕೆಂಪು ತೊಟ್ಟಿ. ಹಿಂದೆಯೇ ಬಂದ ಅಮ್ಮ ಎಲ್ಲ ಹೇಳಿದಳು. ತುಂಬಿದರೆ ಸರದಿಯ ಮೇಲೆ ಇವರೇ ಹೊತ್ತು ಚೆಲ್ಲಬೇಕು. ಗಾಳಿ ಬಂದರೆ ಟಾರ್ಪಾಲು ಏಳುತ್ತದೆ. ಗೋದಾಮಿನ ಗಂಡಸರು ಆಚೆ ನಿಂತು ಸಿಗರೇಟು ಸೇದುತ್ತಾರೆ. ಊರಿನ ಹೆಂಗಸರು ಅವಸರವಾದರೆ ಮಾಲೀಕನ ಮನೆಯ ಕಕ್ಕಸ್ಸಿಗೆ ಹೋಗುತ್ತಾರೆ. ಇವರು ಹೋಗುವಂತಿಲ್ಲ. ಮಣ್ಣು ತರುತ್ತಾರಂತೆ. ಊರಿನ ಹೆಂಗಸರ ಕಾಲಿನಲ್ಲಿ ಮಣ್ಣೇ ಇರುವುದಿಲ್ಲವೇನೋ. ಅದಕ್ಕೇ ಇವರು ಹಗಲೆಲ್ಲ ನೀರು ಕುಡಿಯದೆ ಬಿಸಿಲಲ್ಲಿ ಕೂತು ಗರಿ ಕತ್ತರಿಸುತ್ತಾರೆ. ಒಳಗೆ ಮಲಗಿದ್ದವಳಿಗೆ ಉಚ್ಚೆ ಕಟ್ಟಿ ಕಟ್ಟಿ ಜ್ವರ ಬಂದಿತ್ತು.

ನಾನು ಅದೇ ಹೊಲದಲ್ಲಿ ಕೂತಿದ್ದೆ. ಆ ಮನೆಯ ಕಕ್ಕಸ್ಸಿಗೆ ಹೋಗಿ ಬಂದಿದ್ದೆ. ಹಿಂದೆ ಏನಿದೆ ಎಂದು ನೋಡಿರಲಿಲ್ಲ. ಸಿಟ್ಟಿನಿಂದ ಡಬ್ಬದೊಳಕ್ಕೆ ವಾಪಸ್ ಬಂದೆ.

"ಬರೀತೀನಿ" ಎಂದೆ.

"ಬರೀಬೇಡ" ಎಂದಳು ಅಮ್ಮ. "ಬರೆದ್ರೆ ಇವಳನ್ನ ವಾಪಸ್ ಕಳಿಸ್ತಾರೆ. ಮುಂದಿನ ವರ್ಷ ಕರೆಸಲ್ಲ. ಊರಲ್ಲಿ ಮಕ್ಕಳಿದ್ದಾವೆ ಅವಳಿಗೆ. ನೀನು ಇವತ್ತು ಬರೀತೀಯ, ನಾಳೆ ಬೇರೆ ಬರೀತೀಯ. ಇವಳು ಏನು ಮಾಡ್ಬೇಕು?"

ಚಿಕ್ಕಮ್ಮ ಅಕ್ಕನ ತೋಳು ಜಗ್ಗಿ ಏನು ಜಗಳ ಎಂದು ತಮ್ಮ ಭಾಷೆಯಲ್ಲಿ ಕೇಳಿದಳು. ಆ ಭಾಷೆ ನನಗೆ ಬರುವುದಿಲ್ಲ. ಅಪ್ಪನ ತಾಯಿ ಬದುಕಿರುವವರೆಗೂ ಅಮ್ಮ ಅದನ್ನು ನನ್ನ ಜೊತೆ ಆಡುವಂತಿರಲಿಲ್ಲ. ಅಮ್ಮ ಹೇಳಿದಳು. ಚಿಕ್ಕಮ್ಮ ಏನೋ ಕೇಳಿದಳು. ಅಮ್ಮ ಉತ್ತರ ಕೊಟ್ಟಳು, ಅವಳು ಮತ್ತೇನೋ ಹೇಳಿದಳು.

"ಏನಂದ್ಲು?"

"ನಿನ್ನ ಮಗಳು ಏನು ಓದಿದ್ದು ಅಂದ್ಲು. ಪತ್ರಿಕೆಗೆ ಬರೆಯೋದು ಅಂದೆ. ಹಾಗಾದ್ರೆ ಬರೀಲಿ ಬಿಡು ಅಂತಾಳೆ." ಅಮ್ಮ ಮೂಗು ಒರೆಸಿಕೊಂಡಳು. "ಬರೆದ್ರೆ ಮನೆಗೆ ಕಳಿಸ್ತಾರೆ, ಬರೀದಿದ್ರೆ ಉಚ್ಚೆ ಕಟ್ಕೊಂಡು ಇಲ್ಲೇ ಸಾಯ್ತೀನಿ. ಮನೆಯಲ್ಲಿ ಕಕ್ಕಸ್ಸಾದ್ರೂ ಇದೆ ಅಂತಾಳೆ."

ಚಿಕ್ಕಮ್ಮ ನನ್ನ ಬೆನ್ನಿಗೆ ಒಂದು ಗುದ್ದಿದಳು. ಗೋಮ್‌ಸಿಲ್ ಅಜ್ಜಿ ಕಲಿಸಿದ್ದ ಒಂದು ಬೈಗುಳ ಹೇಳಿದಳು. ಎಲ್ಲರೂ ನಕ್ಕೆವು. ಜ್ವರದವಳೂ ನಕ್ಕಳು.

ಮೊಬೈಲಿನಲ್ಲಿ ನಾನು ತೆಗೆದುಕೊಂಡು ಬಂದಿದ್ದ ತೊಟ್ಟಿಯ ಫೋಟೋ ಸೊನ್ಬೆ ನೋಡಿದರು. ಆಮೇಲೆ ಹೇಳಿದರು, "ಹಾಕ್ತೀನಿ. ಆದ್ರೆ ಜಿಲ್ಲೆಯ ಉತ್ತರ ಬೇಕು. ಕರೆಸಿದವರು ಅವರು. ಕೇಳದೆ ಅಚ್ಚು ಹಾಕಿದ್ರೆ ಸುಳ್ಳು ಅಂದ್ಬಿಡ್ತಾರೆ. ಕೇಳ್ಕೊಂಡು ಬಾ."

ಕೇಳುವುದು ಎಲ್ಲಿ? ಫೋನ್ ಮಾಡಿದರೆ ಆ ವಿಭಾಗದವರು ಈ ವಿಭಾಗ ಎನ್ನುತ್ತಾರೆ, ಈ ವಿಭಾಗದವರು ಆ ವಿಭಾಗ. ಗುರುವಾರ ಜಿಲ್ಲಾಧ್ಯಕ್ಷರ ಪತ್ರಿಕಾಗೋಷ್ಠಿ ಇತ್ತು. ಅಲ್ಲಿ ಪ್ರಶ್ನೆಗಳನ್ನು ಹಿಂದಿನ ದಿನವೇ ಕೂಟದವರು ಕಳಿಸುತ್ತಾರೆ. ಜೂ ಮೇಡಂ ಉತ್ತರ ಬರೆದು ಸಾಲಾಗಿ ಜೋಡಿಸುತ್ತಾರೆ. ಮರುದಿನ ಸಾಲಿನ ಪ್ರಕಾರ ಇವರು ಕೇಳುತ್ತಾರೆ, ಜಿಲ್ಲಾಧ್ಯಕ್ಷರು ಓದುತ್ತಾರೆ. ಮೊದಮೊದಲು ನನಗೆ ನಾಟಕದ ತಾಲೀಮು ನೋಡಿದ ಹಾಗಾಗುತ್ತಿತ್ತು. ನನ್ನ ಪ್ರಶ್ನೆಯನ್ನೂ ಸೇರಿಸಿ ಎಂದು ಬಾಂಗ್ ಹತ್ತಿರ ಹೋದೆ.

"ನೀನು ಸದಸ್ಯೆ ಅಲ್ವಲ್ಲಮ್ಮ."

"ಹಾಗಾದ್ರೆ ನೀವೇ ಕೇಳಿ. ನನ್ನ ಹೆಸರು ಬೇಡ."

ಅವರು ಫೋಟೋ ನೋಡಿದರು. ಮುಖದಲ್ಲಿ ಏನೋ ಹಾದುಹೋಯಿತು. ಮೊಬೈಲು ವಾಪಸ್ ಕೊಟ್ಟರು. "ಈ ಸಲದ ಸಾಲು ತುಂಬಿದೆ" ಎಂದರು.

ಮಧ್ಯಾಹ್ನ ಜೂ ಮೇಡಂ ನನ್ನನ್ನು ತಮ್ಮ ಕೋಣೆಗೆ ಕರೆದರು. ಕಾಫಿ ತಾವೇ ಬೆರೆಸಿ ಕೊಟ್ಟರು. ಕೂರಲು ಹೇಳಿದರು. ಕುರ್ಚಿಯಲ್ಲಿ ಕೂರಲು ನಾನು ದಿಂಬು ಬಿಚ್ಚಬೇಕಾಯಿತು.

"ನಮ್ಮ ವಿಭಾಗದಲ್ಲಿ ಒಂದು ಜಾಗ ಖಾಲಿ ಆಗ್ತಿದೆ. ಬರೆಯೋ ಕೆಲಸ. ನಿನಗೆ ಬರುತ್ತೆ. ಸರ್ಕಾರದ ಕೆಲಸ ಕಣಮ್ಮ, ನಿಮ್ಮಮ್ಮ ಹೊಲಕ್ಕೆ ಹೋಗೋದು ತಪ್ಪುತ್ತೆ. ನಿನ್ನಂಥ ಹೊರದೇಶದ ತಾಯಿಯ ಮಗಳು ಇಲ್ಲಿದ್ರೆ ನಮಗೂ ಒಳ್ಳೇದು. ಫೋಟೋದಲ್ಲೂ ಚೆನ್ನಾಗಿ ಕಾಣುತ್ತೆ."

"ಆ ಕಕ್ಕಸ್ಸಿನ ವಿಷಯ?"

"ಅದೆಲ್ಲ ನಿಧಾನವಾಗಿ ನೋಡೋಣ. ಮೊದಲು ನೀನು ಒಳಗೆ ಬಾ."

ಅಮ್ಮನ ಮಂಡಿ ನೆನಪಾಯಿತು. ಸುಳ್ಳೇಕೆ ಹೇಳಲಿ, ಆಸೆಯಾಯಿತು. ತಂಪಾದ ಕೋಣೆ, ಮೇಜು, ತಿಂಗಳ ಕೊನೆಗೆ ಸಂಬಳ. ಆಮೇಲೆ ಊರಿನಲ್ಲಿ ಅಮ್ಮನನ್ನು ಯಾರೂ ಏಕವಚನದಲ್ಲಿ ಕರೆಯುವುದಿಲ್ಲ. ಒಂದು ಗುಟುಕು ಕಾಫಿ ಕುಡಿದೆ. ಚಿಕ್ಕಮ್ಮ ಇಟ್ಟ ನೀರಿನ ಲೋಟ ಕಣ್ಣಿಗೆ ಬಂತು. ಕಾಫಿ ಕೆಳಗಿಟ್ಟೆ.

"ನನ್ನಿಂದ ಆಗಲ್ಲ ಮೇಡಂ."

"ಯಾಕೆ?"

"ನಾನು ಕೇಳೋದು ಕಲ್ತಿದೀನಿ. ಬೇರೆ ಏನೂ ಬರಲ್ಲ. ಇಲ್ಲಿ ಸೇರಿದ್ರೆ ಅದೂ ಹೋಗುತ್ತೆ."

"ಹುಬ್ಬು ತಿದ್ದೋಕೆ ಬರುತ್ತಂತಲ್ಲ" ಎಂದರು ಅವರು, ಚುಚ್ಚುವುದಕ್ಕೆ.

"ಬರುತ್ತೆ. ನಿಮ್ಮ ಎಡಗಡೆದು ಸ್ವಲ್ಪ ಮೇಲೆ ಹೋಗಿದೆ."

ದಿಂಬು ಮತ್ತೆ ಕಟ್ಟಿಕೊಂಡು ಕಾರಿಡಾರಿನಲ್ಲಿ ಕೂತೆ. ಮನಸ್ಸು ಹಗುರಾಗಿತ್ತು. ಯಾರೋ ದೊಡ್ಡ ಮೂಟೆ ಇಳಿಸಿಕೊಂಡ ಹಾಗೆ.

ಗುರುವಾರ. ಸಭಾಂಗಣದ ಬಾಗಿಲು ತೆರೆದಿತ್ತು. ನಾನು ಹೊಸ್ತಿಲ ಈಚೆ ಕೂತಿದ್ದೆ. ಜಿಲ್ಲಾಧ್ಯಕ್ಷರು ಕನ್ನಡಕ ಹಾಕಿಕೊಂಡು ಮುಂದಿನ ಹಾಳೆಯ ಮೇಲೆ ತಲೆ ಬಗ್ಗಿಸಿದ್ದರು. ಅವರು ತಲೆ ಎತ್ತುವುದು ಫೋಟೋಗೆ ಮಾತ್ರ. ಬಾಂಗ್ ಎದ್ದು ಮೊದಲ ಪ್ರಶ್ನೆ ಕೇಳಿದರು, ಹೊಸ ರಸ್ತೆಯದು. ಜಿಲ್ಲಾಧ್ಯಕ್ಷರು ಉತ್ತರ ಓದಿದರು. ಮುಂದಿನ ಪ್ರಶ್ನೆ ಇನ್ನೊಬ್ಬನದು, ಜಿಲ್ಲೆಯ ಈರುಳ್ಳಿಯ ಬಗ್ಗೆ. ಅವನು ಗಂಟಲು ಸರಿಮಾಡಿಕೊಳ್ಳುತ್ತ ಏಳುತ್ತಿದ್ದ. ಅಷ್ಟರಲ್ಲಿ ನಾನು ಎದ್ದುಬಿಟ್ಟೆ. ದಿಂಬೂ ನನ್ನ ಜೊತೆ ಎದ್ದಿತು.

"ಹೊಸ ಕಡಲು ವಾರಪತ್ರಿಕೆ, ತಾಕ್ ಬೊರಾಮ್. ಈರುಳ್ಳಿ ಕೀಳೋಕೆ ನೀವು ಹೊರದೇಶದಿಂದ ಕರೆಸಿದ ಹೆಂಗಸರಿಗೆ ಕಕ್ಕಸ್ಸು ಎಲ್ಲಿದೆ?"

ಜೂ ಮೇಡಂ ಕೈ ಎತ್ತಿದರು. ತಡವಾಗಿತ್ತು. ಜಿಲ್ಲಾಧ್ಯಕ್ಷರು ಕಣ್ಣೆತ್ತದೆ ಹಾಳೆಯ ಮೇಲಿನ ಎರಡನೇ ಉತ್ತರ ಓದತೊಡಗಿದರು.

"ಬಹಳ ಒಳ್ಳೆಯ ಪ್ರಶ್ನೆ. ಇದು ನಮ್ಮ ಜಿಲ್ಲೆಯ ಹೆಮ್ಮೆ. ಸಮುದ್ರದ ಗಾಳಿಯಿಂದಾಗಿ ನಮ್ಮದು ಬೇರೆ ಜಿಲ್ಲೆಗಳದಕ್ಕಿಂತ ಗಟ್ಟಿಯಾಗಿದೆ, ಸಿಹಿಯಾಗಿಯೂ ಇದೆ. ಒಮ್ಮೆ ರುಚಿ ನೋಡಿದವರು ಮತ್ತೆ ಕೇಳುತ್ತಾರೆ."

ಯಾರೋ ಒಬ್ಬರು ಫುಸ್ಸೆಂದರು. ಜಿಲ್ಲಾಧ್ಯಕ್ಷರು ಅದನ್ನು ಮೆಚ್ಚುಗೆ ಎಂದುಕೊಂಡರೋ ಏನೋ, ದನಿ ಏರಿಸಿದರು.

"ಈ ವರ್ಷ ಜಪಾನಿಗೂ ಕಳುಹಿಸುತ್ತಿದ್ದೇವೆ. ನಾನೂ ನನ್ನ ಕುಟುಂಬವೂ ದಿನವೂ ಬೆಳಗ್ಗೆ ಇದನ್ನೇ ತಿನ್ನುತ್ತೇವೆ."

ಸಭಾಂಗಣವೇ ಗೊಳ್ಳೆಂದು ನಕ್ಕಿತು. ಬಾಂಗ್ ಮೇಜಿನ ಮೇಲೆ ತಲೆ ಇಟ್ಟು ನಗುತ್ತಿದ್ದರು. ಜಿಲ್ಲಾಧ್ಯಕ್ಷರು ಕೊನೆಗೂ ತಲೆ ಎತ್ತಿದರು. ನನ್ನನ್ನು ನೋಡಿದರು. ನನ್ನ ಹಿಂದಿನ ಹೂವಿನ ದಿಂಬು ನೋಡಿದರು.

"ನೀನು ಏನು ಕೇಳಿದ್ದು?"

ಮತ್ತೆ ಕೇಳಿದೆ. ಈ ಸಲ ನಿಧಾನವಾಗಿ. ಜ್ವರ ಬಂದವಳ ವಿಷಯ ಹೇಳಿದೆ, ಕೆಂಪು ತೊಟ್ಟಿಯ ವಿಷಯ ಹೇಳಿದೆ. ನಗು ನಿಂತಿತು. ಅವರು ಹಾಳೆಯಲ್ಲಿ ಉತ್ತರ ಹುಡುಕಿದರು. ಅಲ್ಲಿ ಇರಲಿಲ್ಲ. ಜೂ ಮೇಡಂ ಕಡೆ ನೋಡಿದರು. ಅವರಲ್ಲೂ ಇರಲಿಲ್ಲ.

"ಗೊತ್ತಿಲ್ಲ" ಎಂದರು ಜಿಲ್ಲಾಧ್ಯಕ್ಷರು. ಆ ಸಭಾಂಗಣದಲ್ಲಿ ಅವರ ಬಾಯಿಂದ ಬಂದ ಮೊದಲ ಸ್ವಂತ ಮಾತು ಅದು ಎಂದು ಆಮೇಲೆ ಬಾಂಗ್ ಹೇಳಿದರು.

ಸೊನ್ಬೆ ನನ್ನ ಬರಹದಲ್ಲಿ ಒಂದು ಅಕ್ಷರ ಮುಟ್ಟಲಿಲ್ಲ. ಪ್ರಶ್ನೆ, ಅದರ ಕೆಳಗೆ ಓದಿದ ಉತ್ತರ, ಅದರ ಕೆಳಗೆ ಗೊತ್ತಿಲ್ಲ ಎಂಬುದು, ಪಕ್ಕದಲ್ಲಿ ತೊಟ್ಟಿಯ ಫೋಟೋ. ಅಷ್ಟೇ. ಹಾಗೇ ಅಚ್ಚಾಯಿತು. ಮಾರುಕಟ್ಟೆಯಲ್ಲಿ ಮೀನು ಮಾರುವವರು ಅದನ್ನು ಗಟ್ಟಿಯಾಗಿ ಓದಿ ಒಬ್ಬರಿಗೊಬ್ಬರು ತೋರಿಸಿದರು. ಈರುಳ್ಳಿ ಕೊಳ್ಳುವಾಗ ಜನ ಗಟ್ಟಿ ಇದೆಯಾ, ಸಿಹಿ ಇದೆಯಾ ಎಂದು ಕೇಳಿ ನಗುತ್ತಿದ್ದರು. ಸಿಯೋಲ್‌ನ ಪತ್ರಿಕೆಗಳೂ ಎತ್ತಿಕೊಂಡವು. ನನ್ನ ಹೆಸರು ಹಾಕಲಿಲ್ಲ. ಒಂದು ಸ್ಥಳೀಯ ವಾರಪತ್ರಿಕೆ ಎಂದರು. ಇರಲಿ.

ನಮ್ಮ ಪತ್ರಿಕೆ ಬಂದ ಮರುದಿನ ಬೆಳಗ್ಗೆ ಮಾಲೀಕ ಹೊಲಕ್ಕೆ ಬಂದು ಪತ್ರಿಕೆಯನ್ನು ಚಿಕ್ಕಮ್ಮನ ಮುಂದೆ ಬಿಸಾಕಿದ. "ಗಂಟು ಕಟ್ಟು. ವಿಮಾನಕ್ಕೆ ಹತ್ತಿಸ್ತೀನಿ."

ಅಮ್ಮನ ಕೈ ನಿಂತಿತು. ಹೊಲದ ತುಂಬ ಈರುಳ್ಳಿ ಹರಡಿತ್ತು. ಮಳೆಗಾಲದ ಮೋಡ ಕಡಲ ಮೇಲೆ ಬಂದು ನಿಂತಿತ್ತು. ಒಂದು ಮಳೆ ಬಿದ್ದರೆ ಎಲ್ಲ ಕೊಳೆಯುತ್ತದೆ. ಗೋಮ್‌ಸಿಲ್ ಅಜ್ಜಿ ಕತ್ತರಿಯನ್ನು ಮಣ್ಣಿಗೆ ಚುಚ್ಚಿದರು. ಎದ್ದು ನಿಂತರು.

"ಇವಳು ಹೋದ್ರೆ ನಾನೂ ಮನೆಗೆ ಹೋಗ್ತೀನಿ ಕಣೋ. ಸೊಂಟ ನೋಯ್ತಿದೆ."

"ಅಜ್ಜಿ, ನೀವು ಮಧ್ಯೆ ಬರಬೇಡಿ."

"ನಿನ್ನ ಅಪ್ಪನ ಮೂಗು ಒರೆಸಿದವಳು ನಾನು. ಮಧ್ಯೆ ಬರ್ತೀನಿ. ನಿಮ್ಮನೆ ಕಕ್ಕಸ್ಸಿಗೆ ನಾನೂ ಮಣ್ಣು ತುಳ್ಕೊಂಡೇ ಹೋಗಿದ್ದು, ನಿನ್ನ ಹೆಂಡತಿ ಏನೂ ಅನ್ನಲಿಲ್ಲ."

ಉಳಿದ ಹೆಂಗಸರೂ ಎದ್ದರು. ಊರಿನವರು, ಹೊರಗಿನವರು. ಅಮ್ಮ ಎಲ್ಲರಿಗಿಂತ ಕೊನೆಗೆ ಎದ್ದಳು, ಎಲ್ಲರಿಗಿಂತ ನೆಟ್ಟಗೆ ನಿಂತಳು. ಮಾಲೀಕ ಮೋಡ ನೋಡಿದ, ಈರುಳ್ಳಿ ನೋಡಿದ, ಹೆಂಗಸರನ್ನು ನೋಡಿದ. ಪತ್ರಿಕೆ ಹೆಕ್ಕಿಕೊಂಡು ಹೋದ. ಜ್ವರದವಳನ್ನು ಅವನ ಗಾಡಿಯಲ್ಲೇ ಆಸ್ಪತ್ರೆಗೆ ಕಳಿಸಿಕೊಟ್ಟೆವು.

ಆ ವಾರವೇ ಲಾರಿಯಲ್ಲಿ ಹೊಚ್ಚ ಹೊಸ ಕಕ್ಕಸ್ಸಿನ ಕೋಣೆಗಳು ಬಂದವು. ನೀಲಿ ಬಣ್ಣ, ಒಳಗೆ ನಲ್ಲಿ, ಚಿಲಕ. ಜೂ ಮೇಡಂ ಎಲ್ಲ ಪತ್ರಿಕೆಗಳಿಗೂ ಆಹ್ವಾನ ಕಳಿಸಿದರು. ನನಗೂ. ಜಿಲ್ಲಾಧ್ಯಕ್ಷರೇ ಉದ್ಘಾಟನೆಗೆ ಬರುತ್ತಾರೆ ಎಂದರು. ಕಕ್ಕಸ್ಸಿನ ಬಾಗಿಲಿಗೆ ಅಡ್ಡವಾಗಿ ಕೆಂಪು ರಿಬ್ಬನ್ ಕಟ್ಟಿ, ಬಿಳಿ ಕೈಗವಸು ಹಾಕಿದ ಹುಡುಗಿಯ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕತ್ತರಿ. ಜಿಲ್ಲಾಧ್ಯಕ್ಷರ ಭಾಷಣ ಉದ್ದವಾಗಿತ್ತು. ಬಿಸಿಲು ನೆತ್ತಿಯ ಮೇಲಿತ್ತು. ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ನಗುತ್ತ ಚಪ್ಪಾಳೆ ತಟ್ಟಿ ಎಂದು ಹೇಳಿದ್ದರು. ಅಂದು ಬೆಳಗ್ಗೆಯಿಂದ ಎಲ್ಲರೂ ಹೊಟ್ಟೆ ತುಂಬ ನೀರು ಕುಡಿದಿದ್ದರು. ಇನ್ನೇನು ಹೆದರಿಕೆ ಎಂದು.

ಭಾಷಣ ಮುಗಿಯಲಿಲ್ಲ. ಚಿಕ್ಕಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಯಿಸಿದಳು. ಮತ್ತೆ ಬದಲಾಯಿಸಿದಳು. ಆಮೇಲೆ ಸಾಲು ಬಿಟ್ಟು ನಡೆದಳು. ಜಿಲ್ಲಾಧ್ಯಕ್ಷರ ಮುಂದೆ ಬಂದು, ಅಜ್ಜಿಯಿಂದ ಕಲಿತ ನಮ್ಮ ಊರಿನ ಮಾತಿನಲ್ಲಿ, ಮೊದಲ ಸಲ ಒಂದಿಷ್ಟೂ ತಡವರಿಸದೆ ಹೇಳಿದಳು.

"ಸ್ವಲ್ಪ ಜರುಗಪ್ಪ. ಅರ್ಜೆಂಟ್."

ಅವರು ಜರುಗಿದರು. ಚಿಕ್ಕಮ್ಮ ರಿಬ್ಬನ್ನಿನ ಕೆಳಗೆ ತಲೆ ತಗ್ಗಿಸಿ ನುಸುಳಿ ಒಳಗೆ ಹೋದಳು. ಒಳಗಿನಿಂದ ಚಿಲಕ ಹಾಕಿದ ಸದ್ದು ಎಲ್ಲರಿಗೂ ಕೇಳಿಸಿತು.

ಜಿಲ್ಲಾಧ್ಯಕ್ಷರು ಕತ್ತರಿ ಹಿಡಿದು ಬಾಗಿಲ ಹೊರಗೆ ನಿಂತರು. ಅವರ ಹಿಂದೆ ಅಧಿಕಾರಿಗಳು ನಿಂತರು, ಅವರ ಹಿಂದೆ ಮಾಲೀಕ. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಬಾಂಗ್ ಕ್ಯಾಮರಾ ಕೆಳಗಿಟ್ಟು ನನ್ನ ಪಕ್ಕಕ್ಕೆ ಬಂದರು.

"ಇದನ್ನ ಹಾಕ್ತೀಯಾ?"

"ಮುಖಪುಟಕ್ಕೆ" ಎಂದೆ.

ಚಿಕ್ಕಮ್ಮ ಅವಸರ ಮಾಡಲಿಲ್ಲ. ಜಿಲ್ಲೆ ಕಾದು ನಿಂತಿತು.